ಬಲಗಡೆ ಪೆಟ್ಟಿಗೆ

ಜೂನ್ ೧೪

ತಮ್ಮಾ,

ಕ್ಷೇಮ, ನೀನೂ ಕ್ಷೇಮವೇ ಎಂದು ಅರ್ಧ ಹಾಳೆ ತುಂಬಿಸುವ ಅಭ್ಯಾಸ ನನಗಿಲ್ಲ. ನಿನ್ನ ಮಗಳು ಬಟಾಣಿ ಚೆನ್ನಾಗಿದ್ದಾಳೆ. ಮುಂದಿನ ಎರಡು ಹಲ್ಲು ಬಿದ್ದಿವೆ, ಮಾತಿಗೆ ಮಾತ್ರ ಬರ ಬಂದಿಲ್ಲ.

ಈ ವರ್ಷ ನನಗೆ ಎರಡನೇ ಕ್ಲಾಸು ಕೊಟ್ಟಿದ್ದಾರೆ. ಬಟಾಣಿಯೂ ಅದೇ ಕ್ಲಾಸು. ಶಾಲೆಯಲ್ಲಿ ಮಿಸ್, ಮನೆಯಲ್ಲಿ ಅತ್ತೆ ಎಂದು ಒಪ್ಪಂದವಾಗಿದೆ, ಅದನ್ನು ದಿನಕ್ಕೆ ಹತ್ತು ಸಲ ಮುರಿಯುತ್ತಾಳೆ. ಮೊದಲ ಪಾಠ, ಮನುಷ್ಯರಿಗೂ ಪ್ರಾಣಿಗಳಿಗೂ ಊಟ ಎಲ್ಲಿಂದ ಸಿಗುತ್ತದೆ ಎನ್ನುವುದು. "ಇಲಿಗೆ ಊಟ ಯಾರು ಕೊಡ್ತಾರೆ?" ಅಂದೆ. "ನಮ್ಮಮ್ಮ, ಬೋನಲ್ಲಿ ಇಟ್ಟು" ಅಂದ ಒಬ್ಬ. ಹಾಲು ಪ್ಯಾಕೆಟ್ಟಿನಿಂದ ಬರುತ್ತದಂತೆ, ಮೊಟ್ಟೆ ಅಂಗಡಿಯ ಟ್ರೇಯಿಂದ. ಆಗ ಬಟಾಣಿ ಎದ್ದು ನಿಂತು, "ಮೊಟ್ಟೆ ಕೋಳಿಯಿಂದ ಬರುತ್ತೆ. ನಮ್ಮಪ್ಪ ಲಕ್ಷ ಕೋಳಿಮರಿಗೆ ಕಾಳು ಹಾಕ್ತಾರೆ" ಅಂದಳು. ಇಡೀ ಕ್ಲಾಸು ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡಿತು.

ತಟ್ಟೆಯ ಹಿಂದೆ ಒಂದು ಜೀವ ಇದೆ ಅಂತ ಗೊತ್ತಿಲ್ಲದೆ ಬೆಳೆಯುವ ಮಕ್ಕಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನಾನಂತೂ ಬೆಲ್ಲ ಸವರಿ ಪಾಠ ಮಾಡುವವಳಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವವಳು. ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಹ್ಯಾಚರಿಯಿಂದ ಮರಿಯಾಗುವ ಮೊಟ್ಟೆ ಒಂದು ಡಜನ್ ಕಳಿಸು, ಕ್ಲಾಸಿನಲ್ಲೇ ಮರಿ ಮಾಡಿಸುತ್ತೇನೆ. ನಿಮ್ಮ ವ್ಯಾನು ವಾರಕ್ಕೊಮ್ಮೆ ಶಾಲೆಯ ಮುಂದೆಯೇ ಹೋಗುತ್ತದಲ್ಲ, ಡ್ರೈವರ್ ಕೈಯಲ್ಲಿ ಕೊಟ್ಟರಾಯಿತು. ಹಾಗೆಯೇ ನಿನ್ನ ಕೆಲಸ ಏನು ಅಂತ ಮಕ್ಕಳಿಗೆ ಓದಿ ಹೇಳುವ ಹಾಗೆ ನಾಲ್ಕು ಸಾಲು ಬರಿ. ಹನ್ನೊಂದು ವರ್ಷದಿಂದ ಅಲ್ಲಿದ್ದೀಯ, ನನಗೂ ಸರಿಯಾಗಿ ಗೊತ್ತಿಲ್ಲ ನೋಡು.

ಪರೀಕ್ಷೆ ಮುಗಿದ ಮೇಲೆ ಬಟಾಣಿಯನ್ನು ಕರೆದುಕೊಂಡು ಹೋಗುತ್ತೇನೆ ಅಂತ ಕಳೆದ ಸಲ ಬಂದಾಗ ನೀನು ಅಂದೆ. ಆ ಮಾತು ಆಮೇಲೆ ಆಡೋಣ. ಇನ್ನೂ ಬೇಕಾದಷ್ಟು ದಿನ ಇದೆ.

ಅಕ್ಕ


ಜೂನ್ ೨೬

ಅಕ್ಕಾ,

ಹನ್ನೆರಡು ಮೊಟ್ಟೆ ಹೊಟ್ಟಿನಲ್ಲಿ ಹುದುಗಿಸಿ ಕಳಿಸಿದ್ದೇನೆ. ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಬಲ್ಬು ಉರಿಸು, ಬಟ್ಟಲಲ್ಲಿ ನೀರಿಡು. ದಿನಕ್ಕೆ ಮೂರು ಸಲ ಮೊಟ್ಟೆ ಮಗುಚಬೇಕು. ಹದಿನೆಂಟನೇ ದಿನದಿಂದ ಮುಟ್ಟಬೇಡಿ. ಇಪ್ಪತ್ತೊಂದಕ್ಕೆ ಅವೇ ಒಡೆದುಕೊಂಡು ಬರುತ್ತವೆ.

ಹೆಣ್ಣು ಯಾವುದು, ಗಂಡು ಯಾವುದು ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಹುಟ್ಟಿದ ಮರುದಿನದೊಳಗೆ ನೋಡಬೇಕು, ಆಮೇಲೆ ಗೊತ್ತಾಗುವುದಿಲ್ಲ. ಮರಿಯನ್ನು ಅಂಗೈಯಲ್ಲಿ ಹಿಡಿದು ರೆಕ್ಕೆಯನ್ನು ಬೀಸಣಿಗೆ ಬಿಡಿಸಿದ ಹಾಗೆ ಬಿಡಿಸು. ಎರಡು ಸಾಲು ಗರಿ ಕಾಣುತ್ತದೆ. ಒಂದು ಸಾಲು ಉದ್ದ, ಒಂದು ಗಿಡ್ಡ ಇದ್ದರೆ ಹೆಣ್ಣು. ಎರಡೂ ಸಮ ಇದ್ದರೆ ಗಂಡು. ನಮ್ಮಲ್ಲಿರುವ ಮೊಟ್ಟೆಕೋಳಿಯ ಜಾತಿಗೆ ಇದು ತಪ್ಪುವುದಿಲ್ಲ.

ನನ್ನ ಕೆಲಸವೂ ಇದೇ. ಬೆಲ್ಟಿನ ಮೇಲೆ ಮರಿಗಳು ಬರುತ್ತವೆ. ರೆಕ್ಕೆ ನೋಡಿ ಹೆಣ್ಣನ್ನು ಎಡಗಡೆ ಪೆಟ್ಟಿಗೆಗೆ, ಗಂಡನ್ನು ಬಲಗಡೆ ಪೆಟ್ಟಿಗೆಗೆ ಹಾಕಬೇಕು. ಒಂದು ಮರಿಗೆ ಒಂದು ಸೆಕೆಂಡು. ಮಕ್ಕಳಿಗೆ ಇಷ್ಟು ಸಾಕು. ಕಾಳು ಹಾಕುತ್ತೇನೆ ಅಂತ ಬಟಾಣಿಗೆ ಅವಳಮ್ಮ ಇದ್ದಾಗ ಹೇಳಿದ್ದು, ಅದು ಹಾಗೇ ಉಳಿದುಕೊಂಡಿದೆ.

ಎರಡು ಕೋಣೆಯ ಮನೆ ಸಿಕ್ಕಿದೆ. ಕಿಟಕಿಯ ಕೆಳಗೆ ಅವಳ ಮಂಚ ಹಿಡಿಸುತ್ತದೆ, ಅಳೆದು ನೋಡಿದೆ. ಶಾಲೆ ಎರಡು ಬೀದಿ ಆಚೆ. ಏಪ್ರಿಲ್‌ಗೆ ಬರುತ್ತೇನೆ. ಬೇಕಾದಷ್ಟು ದಿನ ನಿನಗಿರಬಹುದು ಅಕ್ಕಾ, ಅವಳಮ್ಮ ಹೋಗಿ ಮೂರು ವರ್ಷವಾಯಿತು, ನಾನು ಒಂದೊಂದೇ ದಿನ ಎಣಿಸುತ್ತಿದ್ದೇನೆ.

ತಮ್ಮ


ಜುಲೈ ೨೨

ತಮ್ಮಾ,

ಹನ್ನೆರಡರಲ್ಲಿ ಒಂಬತ್ತು ಒಡೆದವು. ಮೊದಲ ಚಿಪ್ಪು ಬಿರಿದಾಗ ಮೂವತ್ತೆಂಟು ಮಕ್ಕಳೂ ಪಿಟಕ್ಕೆನ್ನಲಿಲ್ಲ. ಹೆಡ್‌ಮಾಸ್ತರು ಏನೋ ಅನಾಹುತವಾಗಿದೆ ಎಂದು ಓಡಿ ಬಂದರು.

ರೆಕ್ಕೆ ನೋಡುವುದನ್ನು ಕಲಿಸಲು ಹೋದೆ. ನನ್ನ ಕೈಗೆ ಅದು ಬಗ್ಗಲಿಲ್ಲ. ಬಟಾಣಿ ಮುಂದೆ ಬಂದು, "ಬಿಡಿ ಅತ್ತೆ, ನಾನು ನೋಡ್ತೀನಿ" ಅಂದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ರೆಕ್ಕೆ ಬಿಡಿಸುವುದು, ನೋಡುವುದು, ಇಡುವುದು. ಸೀಮೆಸುಣ್ಣದ ಎರಡು ಖಾಲಿ ಡಬ್ಬ ಇಟ್ಟುಕೊಂಡು ನೀನು ಬರೆದ ಹಾಗೆಯೇ ಎಡಕ್ಕೆ ಹೆಣ್ಣು, ಬಲಕ್ಕೆ ಗಂಡು. ನಾಲ್ಕು ಹೆಣ್ಣು, ಐದು ಗಂಡು. ಎಷ್ಟು ಚುರುಕು ಅವಳ ಕೈ! ನಿನ್ನ ಕೈಯನ್ನೇ ಕಡ ತಂದ ಹಾಗಿದೆ. ಗಂಡಿನಲ್ಲಿ ಒಂದಕ್ಕೆ ಎಡಗಾಲಿನ ನಡುಬೆರಳು ಸೊಟ್ಟ. ಅದು ಅವಳದಂತೆ, ಹೆಸರೂ ಸೊಟ್ಟನೇ.

ಹೆಡ್‌ಮಾಸ್ತರದು ಒಂದೇ ಮಾತು. "ಹೆಣ್ಣು ಹಿತ್ತಲಲ್ಲಿ ಇರಲಿ, ಮೊಟ್ಟೆಯಾದರೂ ಸಿಗುತ್ತೆ. ಹುಂಜ ಬೇಡ. ಅದು ಕೂಗಿದರೆ ಪಕ್ಕದ ಆಫೀಸಿನವರು ನನ್ನ ಮೇಲೆ ಕೂಗ್ತಾರೆ." ಮಕ್ಕಳು ಅಳುವ ಹಾಗಾದರು. ಬಟಾಣಿಯೇ ದಾರಿ ಹೇಳಿದಳು, "ಅಪ್ಪನ ಹತ್ರ ಕಳಿಸೋಣ, ಅಪ್ಪ ಕಾಳು ಹಾಕ್ತಾರೆ" ಅಂತ. ಆಗಸ್ಟ್ ಒಂದರ ವ್ಯಾನಿಗೆ ಕೊಡುತ್ತೇನೆ. ಲಕ್ಷದ ನಡುವೆ ಐದು ನಿನಗೇನು ಭಾರವಾ?

ಅಕ್ಕ


ಜುಲೈ ೨೯

ಅಕ್ಕಾ,

ಮರಿಗಳನ್ನು ಇಲ್ಲಿಗೆ ಕಳಿಸಬೇಡ. ಇಲ್ಲಿಂದ ಹೊರಗೆ ಹೋಗಲು ಅಡ್ಡಿಯಿಲ್ಲ, ಹೊರಗಿನ ಹಕ್ಕಿ ಒಳಗೆ ಬರುವ ಹಾಗಿಲ್ಲ. ರೋಗ ತರುತ್ತವೆ ಅಂತ ಕಟ್ಟುನಿಟ್ಟು. ಕೆಲಸದವರು ಮನೆಯಲ್ಲೂ ಕೋಳಿ ಸಾಕಬಾರದು, ಸಾಕಿದರೆ ಕೆಲಸ ಹೋಗುತ್ತದೆ. ಅಲ್ಲೇ ಯಾರಿಗಾದರೂ ಕೊಟ್ಟುಬಿಡು. ಹೆಚ್ಚು ಕೇಳಬೇಡ.

ಅವಳ ಕೈ ಚುರುಕು ಅಂತ ಓದಿದೆ. ಇನ್ನೊಂದು ಸಲ ಅದನ್ನು ಅವಳಿಂದ ಮಾಡಿಸಬೇಡ.

ತಮ್ಮ


ಆಗಸ್ಟ್ ೫

ಅಕ್ಕಾ,

ನನ್ನ ಕಾಗದಕ್ಕಿಂತ ಮೊದಲು ನಿನ್ನ ಡಬ್ಬ ಹೊರಟುಬಿಟ್ಟಿತು. ಐದೂ ಬಂದವು. ಚೆನ್ನಾಗಿವೆ ಅಂತ ಬಟಾಣಿಗೆ ಹೇಳು.

ತಮ್ಮ


ಆಗಸ್ಟ್ ೨೪

ತಮ್ಮಾ,

ಒಂದೊಂದು ಮಾತಿಗೂ ದುಡ್ಡು ಕೊಡಬೇಕೇನೋ ಎನ್ನುವ ಹಾಗೆ ಬರೆಯುತ್ತೀಯ. ಅಡ್ಡಿಯಿದೆ ಅಂದವನು ಕೊನೆಗೆ ಇಟ್ಟುಕೊಂಡೆಯಲ್ಲ, ನನಗೆ ಗೊತ್ತಿತ್ತು. ಚಿಕ್ಕಂದಿನಿಂದಲೂ ನಿನ್ನದು ಮೊದಲು ಊಹೂಂ, ಆಮೇಲೆ ಹೂಂ.

ಐದೂ ಮರಿ ಬಿಸಿಲಲ್ಲಿ ಆಡಿಕೊಂಡಿವೆ ಅಂತ ಕ್ಲಾಸಿನಲ್ಲಿ ಹೇಳಿದ್ದೇನೆ. ಮೂವತ್ತೆಂಟು ಮಕ್ಕಳೂ ಅವುಗಳಿಗೆ ಕಾಗದ ಬರೆದಿದ್ದಾರೆ. ಒಬ್ಬಳು ಕಾಳು ಅಂಟಿಸಿ ಕಳಿಸಿದ್ದಾಳೆ, ಹಸಿವಾದರೆ ತಿನ್ನಲಿ ಅಂತ. ಉತ್ತರ ಬರದಿದ್ದರೆ ಇವರು ನನ್ನನ್ನು ಬಿಡುವುದಿಲ್ಲ.

ಒಂದು ಮಾತು. ನೀನು ಕೆಲಸಕ್ಕೆ ಹೋದರೆ ಬಟಾಣಿಯನ್ನು ನೋಡಿಕೊಳ್ಳುವವರು ಯಾರು? ಇಲ್ಲಿ ಅವಳಿಗೆ ಎಲ್ಲ ಹೊಂದಿಕೊಂಡಿದೆ. ನನಗೂ ಹೊಂದಿಕೊಂಡಿದೆ ಅನ್ನು. ಸಿಟ್ಟು ಮಾಡಿಕೊಳ್ಳಬೇಡ, ಸುಮ್ಮನೆ ಕೇಳಿದೆ.

ಅಕ್ಕ


ಸೆಪ್ಟೆಂಬರ್ ೬

ಅಕ್ಕಾ,

ಕಾಗದಗಳನ್ನೆಲ್ಲ ಓದಿದೆ. ಉತ್ತರ ಇದು, ಓದಿ ಹೇಳು.

ದೊಡ್ಡದು ಚೆನ್ನಾಗಿದೆ. ಎರಡನೆಯದೂ ಚೆನ್ನಾಗಿದೆ. ಮೂರನೆಯದು, ನಾಲ್ಕನೆಯದು ಜೊತೆಯಾಗಿ ಆಡುತ್ತವೆ. ಸೊಟ್ಟ ಕುರ್ಚಿಯ ಬೆನ್ನಿನ ಮೇಲೆ ಮಲಗುತ್ತದೆ. ಅದಕ್ಕೆ ಕನ್ನಡಿ ಕಂಡರಾಗದು. ನಾನು ಗಡ್ಡ ಹೆರೆಯಲು ನಿಂತರೆ ಭುಜ ಹತ್ತಿ ಕನ್ನಡಿಯೊಳಗಿನವನ ಜೊತೆ ಜಗಳಕ್ಕೆ ನಿಲ್ಲುತ್ತದೆ. ಬೇರೆ ಬಟ್ಟಲಲ್ಲಿ ಹಾಕಿದ್ದನ್ನು ತಿನ್ನುವುದಿಲ್ಲ, ನನ್ನ ತಟ್ಟೆಯದೇ ಆಗಬೇಕು. ನಡೆದರೆ ಸೊಟ್ಟ ಬೆರಳು ನೆಲಕ್ಕೆ ಟಕ್ ಟಕ್ ಅನ್ನುತ್ತದೆ. ಬಾಗಿಲು ತೆಗೆಯುವ ಮೊದಲೇ ಒಳಗಿನಿಂದ ಆ ಸದ್ದು ಕೇಳುತ್ತದೆ.

ಮಧ್ಯಾಹ್ನ ಎರಡಕ್ಕೆ ಕೆಲಸ ಮುಗಿಯುತ್ತದೆ. ಬಟಾಣಿ ಶಾಲೆ ಬಿಟ್ಟು ಬರುವಷ್ಟರಲ್ಲಿ ನಾನು ಮನೆಯಲ್ಲಿರುತ್ತೇನೆ. ತಡವಾದ ದಿನ ಎದುರುಮನೆಯ ಹೊಲಿಗೆಯಮ್ಮ ನೋಡಿಕೊಳ್ಳುತ್ತಾರಂತೆ. ಸುಮ್ಮನೆ ಕೇಳಿದ್ದಕ್ಕೆ ಇದು ಉತ್ತರ.

ತಮ್ಮ


ನವೆಂಬರ್ ೮

ತಮ್ಮಾ,

ನಿಮ್ಮ ವ್ಯಾನು ನಿನ್ನೆ ಶಾಲೆಯ ಮುಂದೆ ಪಂಕ್ಚರ್ ಆಗಿ ನಿಂತಿತ್ತು. ಡ್ರೈವರನ್ನು ಕರೆದು ಟೀ ಕೊಟ್ಟೆ. "ನಮ್ಮ ಹುಂಜಗಳು ಹೇಗಿವೆಯಪ್ಪಾ?" ಅಂದೆ.

"ಯಾವ ಹುಂಜ ಮಿಸ್? ಗಂಡುಮರಿ ಅಲ್ಲಿ ಒಂದು ದಿನಾನೂ ಇರಲ್ಲ. ಬಲಗಡೆ ಪೆಟ್ಟಿಗೆ ತುಂಬಿದ ಕೂಡಲೇ ಮೆಷಿನ್ನಿಗೆ ಸುರೀತಾರೆ, ಪುಡಿಯಾಗಿ ಆಚೆ ಬರುತ್ತೆ. ನಿಮ್ಮವು ಗೇಟಲ್ಲೇ ಸಿಕ್ಕಿಬಿದ್ದವಲ್ಲ, ನಿಮ್ಮ ತಮ್ಮನೇ ಎತ್ಕೊಂಡು ಹೋಗಿ ಹಾಕಿದ್ರು." ಆಮೇಲೆ ನನ್ನ ಮುಖ ನೋಡಿ, "ಕೋಳೀನ ಕೇಳಿ ಮಸಾಲೆ ಅರೀತಾರಾ ಮಿಸ್, ಬಿಡಿ" ಅಂತ ನಕ್ಕ.

ಕನ್ನಡಿಯೊಳಗೆ ಜಗಳ! ಭುಜ ಹತ್ತುತ್ತದಂತೆ! ಸತ್ತ ಮರಿಯ ಬಗ್ಗೆ ಇಷ್ಟು ಚಂದದ ಕಥೆ ಕಟ್ಟಲು ನಿನಗೆ ಕೈ ಹೇಗೆ ಬಂತು? ನಾನು ಅದನ್ನು ಮೂರು ಸಲ ಓದಿ ಹೇಳಿದ್ದೇನೆ. ಮೂವತ್ತೆಂಟು ಮಕ್ಕಳ ಮುಂದೆ ನನ್ನನ್ನು ಸುಳ್ಳಿ ಮಾಡಿದೆ. ಬಟಾಣಿ ಆ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ.

ಹನ್ನೊಂದು ವರ್ಷ ಆ ಕೆಲಸ ಮಾಡಿದ ಕೈಗೆ ನಾನು ಈ ಮಗುವನ್ನು ಒಪ್ಪಿಸಲಾರೆ. ಅವಳು ಇಲ್ಲೇ ಇರಲಿ ಅಂತ ಒಂದು ಸಾಲು ಬರೆದುಕೊಡು. ಕೊಟ್ಟರೆ ಇದೊಂದೂ ಅವಳ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳುತ್ತೇನೆ.

ಅಕ್ಕ


ನವೆಂಬರ್ ೧೭

ಅಕ್ಕಾ,

ಡ್ರೈವರ್ ಹೇಳಿದ್ದು ನಿಜ. ಮೊಟ್ಟೆಕೋಳಿ ಜಾತಿಯ ಗಂಡು ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೂ ತುಂಬಿಕೊಳ್ಳುವುದಿಲ್ಲ. ಅದಕ್ಕೆ ಹಾಕಿದ ಕಾಳು ದಂಡ ಅಂತ ಹುಟ್ಟಿದ ದಿನವೇ ಮುಗಿಸುತ್ತಾರೆ. ನೀನು ಬೆಳಿಗ್ಗೆ ಬಟಾಣಿಗೆ ಬೇಯಿಸಿ ಕೊಡುವ ಮೊಟ್ಟೆ ಇಟ್ಟ ಕೋಳಿಯ ಜೊತೆ ಒಂದು ಹುಂಜವೂ ಹುಟ್ಟಿತ್ತು. ಅದು ಎಲ್ಲಿ ಹೋಯಿತು ಅಂತ ತಿನ್ನುವವರು ಯಾರೂ ಕೇಳಿದ್ದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವ ನೀನೂ ಕೇಳಲಿಲ್ಲ.

ಆದರೆ ಮಗಳಿಗೆ ಸುಳ್ಳು ಹೇಳಿದವನು ನಾನು. ಅದಕ್ಕೆ ಬೇರೆ ಯಾರನ್ನೂ ದೂರುವುದಿಲ್ಲ.

ಇನ್ನೊಂದು ಸಂಗತಿ ಡ್ರೈವರಿಗೂ ಗೊತ್ತಿಲ್ಲ. ಗೇಟಿನವನು ಡಬ್ಬ ಕೈಗೆ ಕೊಟ್ಟಾಗ ಒಳಗೆ ಐದಿದ್ದವು. ನಾಲ್ಕನ್ನು ಹಾಕಿದೆ. ಸೊಟ್ಟನನ್ನು ಊಟದ ಚೀಲದಲ್ಲಿ ಬಚ್ಚಿಟ್ಟು ಮನೆಗೆ ತಂದೆ. ಕುರ್ಚಿ, ಕನ್ನಡಿ, ತಟ್ಟೆ ಎಲ್ಲ ನಿಜ. ಒಂದಾದರೂ ಅವಳಿಗೆ ತೋರಿಸಲು ಇರಲಿ ಅಂತ ಇಟ್ಟುಕೊಂಡೆ, ಆಮೇಲೆ ಅದು ನನಗೇ ಜೊತೆಯಾಯಿತು. ಕಳೆದ ತಿಂಗಳು ಕೂಗಲು ಕಲಿತಿತು. "ನಿನ್ನ ಕೋಳಿ ಕೂಗದಿದ್ರೂ ಬೆಳಗಾಗುತ್ತೆ ಕಣಪ್ಪಾ, ಬಾಯಿ ಮುಚ್ಸು" ಅಂತ ಹೊಲಿಗೆಯಮ್ಮ ಎಷ್ಟು ಹೇಳಿದರೂ ನನ್ನಿಂದ ಆಗಲಿಲ್ಲ. ಬಟ್ಟೆ ಹೊಲಿಸಲು ಬಂದ ಸೂಪರ್‌ವೈಸರ್ ಹೆಂಡತಿಗೆ ಕೇಳಿಸಿತು. ಹದಿಮೂರನೇ ತಾರೀಖು ನನ್ನನ್ನು ಕೆಲಸದಿಂದ ತೆಗೆದರು. ಈಗ ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊರುತ್ತೇನೆ. ಬೇಸರವಿಲ್ಲ, ಕೈಗೆ ಮೂಟೆಯ ಭಾರವೇ ಹಿತವಾಗಿದೆ.

ನೀನು ಕೇಳಿದ ಸಾಲು ಬರೆದುಕೊಡುವುದಿಲ್ಲ. ನನ್ನದೊಂದೇ ಬೇಡಿಕೆ. ಅವಳಿಗೆ ನೀನು ಹೇಳಬೇಡ. ರಜಕ್ಕೆ ಕರೆದುಕೊಂಡು ಬಾ. ಸೊಟ್ಟನನ್ನು ಅವಳ ಮಡಿಲಲ್ಲಿಟ್ಟು ಎಲ್ಲವನ್ನೂ ನಾನೇ ಹೇಳುತ್ತೇನೆ.

ತಮ್ಮ


ನವೆಂಬರ್ ೧೮

ತಮ್ಮಾ,

ಹತ್ತು ದಿನ ಕಾದೆ. ನೀನು ಬರೆಯಲಿಲ್ಲ. ನಿನ್ನೆ ಅವಳಿಗೆ ಹೇಳಿಬಿಟ್ಟೆ.

ನಿನ್ನೆ ಬೆಳಿಗ್ಗೆ ಶಾಲೆಯ ಹಿತ್ತಲಿಗೆ ಹದ್ದು ಎರಗಿ ಒಂದು ಹೆಣ್ಣುಕೋಳಿಯನ್ನು ಎತ್ತಿಕೊಂಡು ಹೋಯಿತು. ಮಕ್ಕಳೆಲ್ಲ ನೋಡಿದರು, ಒಂದಿಬ್ಬರು ಅತ್ತರು. ಆಮೇಲೆ ಅವರೇ, "ಹದ್ದಿಗೂ ಹಸಿವಾಗುತ್ತಲ್ಲ ಮಿಸ್, ಅದರ ಮರಿಗೂ ಬೇಕಲ್ಲ" ಅಂದರು. ವರ್ಷವಿಡೀ ನಾನು ಕಲಿಸಬೇಕೆಂದಿದ್ದ ಪಾಠವನ್ನು ಅರ್ಧ ಗಂಟೆಯಲ್ಲಿ ಕಲಿತರು. ಇಷ್ಟು ಗಟ್ಟಿ ಇದ್ದಾರಲ್ಲ, ಬಟಾಣಿಯೂ ತಡೆದುಕೊಳ್ಳುತ್ತಾಳೆ ಅಂದುಕೊಂಡೆ. ಮನೆಗೆ ಬಂದು ಕೂರಿಸಿಕೊಂಡು ಹೇಳಿದೆ. ಅಪ್ಪನ ಕೆಲಸ ಏನು, ಐದು ಮರಿ ಏನಾದವು, ಎಲ್ಲ.

ಅವಳು ಅಳಲಿಲ್ಲ. ತನ್ನ ಕೈಗಳನ್ನೇ ನೋಡಿಕೊಂಡಳು. "ನಾನು ಬಲಗಡೆ ಹಾಕಿದ್ದಕ್ಕಾ ಅತ್ತೆ?" ಅಂದಳು. ಅಲ್ಲ ಪುಟ್ಟಾ ಅಂದೆ. "ನಾನು ತಪ್ಪು ನೋಡಿ ಎಲ್ಲಾನೂ ಎಡಗಡೆ ಹಾಕಿದ್ರೆ ಇರ್ತಿದ್ವಾ?" ಅಂದಳು. ಹದ್ದಿನ ಮಾತು ತೆಗೆದು ಸಮಾಧಾನ ಮಾಡಲು ಹೋದೆ. "ಹದ್ದು ಎತ್ಕೊಂಡು ಹೋಗಿ, ಕೋಳಿ ಚೆನ್ನಾಗಿದೆ ಅಂತ ಕಾಗದ ಬರೀಲಿಲ್ಲವಲ್ಲ" ಅಂದಳು.

ಅಪ್ಪನ ಹತ್ತಿರ ಹೋಗುವುದಿಲ್ಲವಂತೆ. ಮುಖವನ್ನೂ ನೋಡುವುದಿಲ್ಲವಂತೆ. ಅವಳ ಬಾಯಿಂದಲೇ ಬಂದ ಮಾತು, ನಾನು ಹೇಳಿಸಿದ್ದಲ್ಲ. ಮುಂದಿನ ವರ್ಷಕ್ಕೆ ಇಲ್ಲೇ ಮುಂದುವರಿಸುವ ಫಾರಂ ಇಟ್ಟಿದ್ದೇನೆ, ಸಹಿ ಹಾಕಿ ಕಳಿಸು.

ಅಕ್ಕ


ನವೆಂಬರ್ ೨೩

ತಮ್ಮಾ,

ನಿನ್ನ ಹದಿನೇಳರ ಕಾಗದ ಮೊನ್ನೆ ಬಂತು. ನಿಂತಲ್ಲೇ ಓದಿದೆ, ಆಮೇಲೆ ಅಡುಗೆಮನೆಯ ನೆಲದ ಮೇಲೆ ಕೂತು ಇನ್ನೊಂದು ಸಲ ಓದಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಮಕ್ಕಳಿಗೆ ಬೋರ್ಡಿನ ಮೇಲೆ ಬರೆಸುತ್ತೇನೆ, ನನಗೇ ಅದು ಇಳಿದಿರಲಿಲ್ಲ.

ಬಟಾಣಿ ನಾಲ್ಕು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ತಟ್ಟೆಯಲ್ಲಿ ಏನು ಬಡಿಸಿದರೂ, "ಇದು ಯಾವ ಕಡೆ ಪೆಟ್ಟಿಗೇದು?" ಅಂತ ಕೇಳುತ್ತಿದ್ದಳು. ನಿನ್ನ ಕಾಗದವನ್ನು ಒಂದಕ್ಷರ ಬಿಡದೆ ಅವಳಿಗೆ ಓದಿದೆ. ಸೊಟ್ಟ ಇದ್ದಾನೆ ಎನ್ನುವಲ್ಲಿ ನಿಲ್ಲಿಸಿ, ಇನ್ನೊಮ್ಮೆ ಓದಿ ಅಂದಳು. ಆಮೇಲೆ, "ಕೆಲಸ ಹೋಗುತ್ತೆ ಅಂತ ಗೊತ್ತಿದ್ರೂ ಇಟ್ಕೊಂಡ್ರಾ?" ಅಂತ ಕೇಳಿದಳು. ಹೌದು ಅಂದೆ. ಅವತ್ತು ಎರಡು ಸಲ ಬಡಿಸಿಕೊಂಡು ಉಂಡಳು. ಸೊಟ್ಟನ ಬೆರಳಿಗೆ ಹಾಕಲು ಬಟ್ಟೆಯ ಚೂರಿನಿಂದ ಒಂದು ಟೊಪ್ಪಿ ಹೊಲಿಯುತ್ತಿದ್ದಾಳೆ, ಟಕ್ ಟಕ್ ಅಂದರೆ ಅದಕ್ಕೆ ನೋಯುತ್ತದಂತೆ. ಅಪ್ಪ ಎಲ್ಲಾನೂ ಹೇಳಲಿ, ಕೇಳುತ್ತೇನೆ ಅಂದಿದ್ದಾಳೆ.

ಡಿಸೆಂಬರ್ ಏಳರ ಭಾನುವಾರ ಹನ್ನೊಂದರ ಬಸ್ಸಿಗೆ ಬರುತ್ತೇವೆ. ಫಾರಂ ಹರಿದುಹಾಕು.

ನಾನು ಸತ್ಯ ಹೇಳಬೇಕು ಅಂತ ಅವಳಿಗೆ ಹೇಳಿದ್ದಲ್ಲ ತಮ್ಮಾ. ಅವಳು ಹೋದ ಮೇಲೆ ಈ ಮನೆಯಲ್ಲಿ ನಾನೊಬ್ಬಳೇ ಎನ್ನುವ ಹೆದರಿಕೆಯಿಂದ ಹೇಳಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬಂದಾಗ ಬೈದುಬಿಡು, ಕೇಳಿಕೊಂಡು ಕೂರುತ್ತೇನೆ.

ಅಕ್ಕ


ನವೆಂಬರ್ ೨೮

ಅಕ್ಕಾ,

ನಿನ್ನ ಹದಿನೆಂಟರ ಕಾಗದ ಇಪ್ಪತ್ತೆರಡಕ್ಕೆ ಬಂತು. ಮುಖವನ್ನೂ ನೋಡುವುದಿಲ್ಲ ಅಂದಳು ಅಂತ ಓದಿದೆ. ಫಾರಂಗೆ ಸಹಿ ಹಾಕಿದೆ. ಕುರ್ಚಿಯ ಮೇಲಿಂದ ಸೊಟ್ಟ ಕೂಗಿತು. ಇದಕ್ಕಾಗಿ ಕೆಲಸ ಕಳೆದುಕೊಂಡೆ, ಮಗಳನ್ನೂ ಕಳೆದುಕೊಂಡೆ, ಇದು ಇನ್ನೂ ಕೂಗುತ್ತಿದೆಯಲ್ಲ ಅನ್ನಿಸಿತು.

ಹನ್ನೊಂದು ವರ್ಷ ನಾನು ಕೋಳಿ ಬಾಯಿಗಿಟ್ಟವನಲ್ಲ. ಅವತ್ತು ಅದನ್ನು ಹಿಡಿದೆ. ಹಿಡಿದ ಕೂಡಲೇ ಕೈ ಅಭ್ಯಾಸದಂತೆ ರೆಕ್ಕೆ ಬಿಡಿಸಿ ನೋಡಿತು. ಅದು ಒದ್ದಾಡಲಿಲ್ಲ, ತಟ್ಟೆ ಇಡುತ್ತಾನೆ ಅಂದುಕೊಂಡಿರಬೇಕು. ಕುಯ್ದು, ಉಪ್ಪು ಹಾಕಿ ಬೇಯಿಸಿ, ಕೂತು ತಿಂದೆ. ಅರ್ಧ ಹೊಲಿಗೆಯಮ್ಮನಿಗೆ ಕೊಟ್ಟೆ. ಅವರು ಪಾತ್ರೆಯ ಮುಚ್ಚಳ ತೆಗೆದು ನೋಡಿ, "ಮಗು ಬಂದು ಕೇಳಿದ್ರೆ ಏನಂತೀಯೋ?" ಅಂದರು. "ಅವಳು ಬರಲ್ಲಮ್ಮ" ಅಂದೆ.

ನಿನ್ನ ಎರಡನೇ ಕಾಗದ ಇವತ್ತು ಬಂತು.

ಸಂತೆಯಲ್ಲಿ ಅದೇ ಬಣ್ಣದ ಹುಂಜ ಸಿಗುತ್ತದೆ. ಒಂದು ಬೆರಳು ಸೊಟ್ಟ ಮಾಡುವುದು ನನ್ನ ಕೈಗೆ ಕಷ್ಟವೇನಲ್ಲ. ಟೊಪ್ಪಿ ಬೇರೆ ಹೊಲಿಯುತ್ತಿದ್ದಾಳೆ, ಹಾಕಿದ ಮೇಲೆ ಬೆರಳೂ ಕಾಣುವುದಿಲ್ಲ. ನಿನ್ನ ಹತ್ತಿರ ಮುಚ್ಚಿಡುವುದೇಕೆ, ಸಂತೆಯ ಬಾಗಿಲವರೆಗೂ ಹೋಗಿದ್ದೆ. ಅಲ್ಲಿಂದ ವಾಪಸು ಬಂದು ಇದನ್ನು ಬರೆಯುತ್ತಿದ್ದೇನೆ.

ಈ ಕಾಗದ ಎರಡನೇ ತಾರೀಖಿಗೆ ನಿನ್ನ ಕೈಗೆ ಸಿಗುತ್ತದೆ. ಇದನ್ನೂ ಒಂದಕ್ಷರ ಬಿಡದೆ ಅವಳಿಗೆ ಓದಿ ಹೇಳು. ಹದ್ದಿಗೆ ಹಸಿವಿತ್ತು, ಅಪ್ಪನಿಗೆ ಹಸಿವೂ ಇರಲಿಲ್ಲ ಅಂತ ಹೇಳು. ನನ್ನ ಪರವಾಗಿ ಒಂದು ಮಾತೂ ಸೇರಿಸಬೇಡ. ಸಹಿ ಹಾಕಿದ ಫಾರಂ ಇದರ ಜೊತೆಗೇ ಇದೆ, ಅದನ್ನು ಹರಿಯುವುದೋ ಇಟ್ಟುಕೊಳ್ಳುವುದೋ ಅವಳೇ ಹೇಳಲಿ. ಅವಳ ಕೈ ಚುರುಕು ಅಂತ ನೀನೇ ಬರೆದಿದ್ದೆ. ನನ್ನನ್ನು ಎಡಕ್ಕೆ ಹಾಕುತ್ತಾಳೋ ಬಲಕ್ಕೆ ಹಾಕುತ್ತಾಳೋ, ನೋಡಿಯೇ ಹಾಕಲಿ.

ಭಾನುವಾರ ಹನ್ನೊಂದರ ಬಸ್ಸಿಗೆ ನಿಲ್ದಾಣದಲ್ಲಿ ನಿಂತಿರುತ್ತೇನೆ. ನೀವು ಇಳಿಯದಿದ್ದರೆ ಎರಡರ ಬಸ್ಸನ್ನೂ ನೋಡಿಕೊಂಡು ಮನೆಗೆ ಹೋಗುತ್ತೇನೆ.

ತಮ್ಮ